ಮಿಸ್ ಕಾಲ್ ಕೊಡವ್ವ

ಕೊಳ್ಳೇಗಾಲದಲ್ಲಿ ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಗೇಟಿನಲ್ಲಿ ವಯಸ್ಸಾದ ವಾಚ್‌ಮನ್ ಒಬ್ಬರಿದ್ದರು. ಸಹಾಯವಾಣಿಯ ನಂಬರು ಗೋಡೆಯ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿತ್ತು. ಹುಡುಗಿಯರ ಫೋನಿನಲ್ಲಿ ಇದ್ದದ್ದು ಮಾತ್ರ ಇವರ ನಂಬರು.

ಆ ವರ್ಷ ಹನೂರಿನ ಕಡೆ ಚಿರತೆಯ ಭಯ. ಮೂರು ಗಂಟೆಗೇ ಕಾಲೇಜು ಬಿಡುತ್ತಿತ್ತು. ದೂರದೂರಿನ ಹುಡುಗಿಯರ ಹೆಸರನ್ನು ಇವರು ಒಂದು ಪುಸ್ತಕದಲ್ಲಿ ಬರೆದುಕೊಂಡು, ತಲೆಗೆ ಸುತ್ತಿದ ಟವಲ್ಲು ಬಿಚ್ಚಿ ಕೊಡವುತ್ತಾ ಹೇಳುತ್ತಿದ್ದರು: “ಮನೆ ಸೇರ್ಕಂಡ್ ಮ್ಯಾಲೆ ಒಂದ್ ಮಿಸ್ ಕಾಲ್ ಕೊಡವ್ವ.” ಫೋನು ಎರಡು ಸಲ ಬಡಿದುಕೊಂಡು ನಿಂತರೆ ಹೆಸರಿನ ಮುಂದೆ ಒಂದು ರೈಟು. ಎಲ್ಲರಿಗೂ ರೈಟು ಬಿದ್ದ ಮೇಲೆಯೇ ಅವರು ಟೀ ಕುಡಿಯುತ್ತಿದ್ದದ್ದು.

ಒಂದು ಸಂಜೆ ನಾನು ಪಕ್ಕದಲ್ಲೇ ನಿಂತಿದ್ದೆ. ಅಜ್ಜೀಪುರದ ಹುಡುಗಿಯ ಕರೆ ಬಂತು. ಅದು ಎರಡಕ್ಕೆ ನಿಲ್ಲದೆ ಕೊನೆಯವರೆಗೂ ಬಡಿದುಕೊಂಡಿತು.

“ಕಟ್ ಮಾಡದ ಮರ್ತವ್ಳೆ ಕಣ್ ಸಾ,” ಎಂದು ನಕ್ಕು ರೈಟು ಹಾಕಿದರು. ನಾನೂ ನಕ್ಕೆ.

ಅವಳು ಮನೆ ಸೇರಿರಲಿಲ್ಲ. ಬಸ್ಸಿಳಿದು ಜೋಳದ ಹೊಲದ ದಾರಿಯಲ್ಲಿ ಒಬ್ಬಳೇ ಹೋಗುವಾಗ ಚಿರತೆ ಕಂಡು, ಹೆದರಿ ಮಾಡಿದ ಕರೆ ಅದು. ಅವಳು ಉಳಿಯಲಿಲ್ಲ.

ಆಮೇಲೆ ಅವರು ಪ್ರತಿ ಕರೆಯನ್ನೂ ಮೊದಲ ಸದ್ದಿಗೇ ಎತ್ತತೊಡಗಿದರು.

“ಅಯ್ಯೋ, ಮಿಸ್ ಕಾಲ್ ಕಣ್ ತಾತ! ಯಾಕ್ ಎತ್ಕಂಡ್ರಿ?” ಎಂದು ಹೊಸ ಹುಡುಗಿಯರು ರೇಗುತ್ತಿದ್ದರು.

ಅವರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, “ಬೈಯವ್ವ, ಇನ್ನೂ ಒಸಿ ಬೈಯಿ,” ಎನ್ನುತ್ತಿದ್ದರು.