ಡ್ರಮ್ಮಿನ ಮೇಲಿನ ಬಿಳಿ ಗೆರೆ

ವೆಲ್ಡರನಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲುದ್ದ ನೀರು ಕಂಡರೂ ಹೆಂಡತಿಯ ಕೈ ಹಿಡಿಯುತ್ತಿದ್ದ. ಅಂಥವನ ಪಾಲಿಗೆ ತೆಪ್ಪ ಕಟ್ಟುವ ಕೆಲಸ ಬಂತು.

ಆ ಬೇಸಿಗೆಯಲ್ಲಿ ಕೆರೆ ಬತ್ತಿ ನೀರು ದೂರ ಸರಿದಿತ್ತು. ಊರಿಗೆ ನೀರೆತ್ತುವ ಪಂಪನ್ನು ತೆಪ್ಪದ ಮೇಲೆ ಇಡಬೇಕಿತ್ತು. ಹಿಂದೆ ಯಾರೋ ಕಟ್ಟಿದ್ದು ಪಂಪಿನ ಸಮೇತ ತಳ ಕಂಡಿತ್ತು.

"ಈ ಸಲ ಕಟ್ಟಿದವನೇ ಮೊದಲು ಹತ್ತಬೇಕು" ಎಂದ ಗುತ್ತಿಗೆದಾರ.

ಹೆಂಡತಿ ಗಂಡನ ತೋಳು ಜಗ್ಗಿದಳು. "ಬೇಡ ಅನ್ರೀ. ಜೀವ ಹೆಚ್ಚಾಯ್ತಾ?"

ಅವನು ಅವಳನ್ನು ಮನೆಗೆ ಕರೆತಂದ. ಬಚ್ಚಲಿನಲ್ಲಿ ಬಕೆಟ್ಟನ್ನು ಅಂಚಿನವರೆಗೆ ತುಂಬಿಸಿ ಬೋಗುಣಿಯೊಳಗೆ ಇಟ್ಟ. ಮೊಳೆ ತುಂಬಿದ ತಗಡಿನ ಡಬ್ಬಿಯನ್ನು ನೀರಿನ ಮೇಲೆ ತೇಲಿಬಿಟ್ಟ. ಚೆಲ್ಲಿದ ನೀರನ್ನು ಚೊಂಬಿಗೆ ಬಗ್ಗಿಸಿ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟ. ಇನ್ನೊಂದರಲ್ಲಿ ಡಬ್ಬಿ, ಜೊತೆಗೆ ಅಂಥದೇ ಖಾಲಿ ಚೊಂಬು. ಮುಳ್ಳು ನಟ್ಟನಡುವೆ ನಿಂತಿತು.

ಅವಳು ಇನ್ನೊಂದು ಹಿಡಿ ಮೊಳೆ ಹಾಕಿಸಿದಳು. ಡಬ್ಬಿ ಇನ್ನಷ್ಟು ಕೆಳಗಿಳಿಯಿತು, ನೀರು ಇನ್ನಷ್ಟು ಚೆಲ್ಲಿತು. ಮುಳ್ಳು ಮತ್ತೆ ನಡುವೆ.

"ಇದೇನ್ರೀ ಮಾಟ?"

"ಮಾಟ ಅಲ್ವೇ. ತೇಲೋದು ತನ್ನ ತೂಕದಷ್ಟೇ ನೀರನ್ನ ಪಕ್ಕಕ್ಕೆ ತಳ್ಳುತ್ತೆ."

"ಕಬ್ಬಿಣ ಮುಳುಗಲ್ವಾ?"

"ಬರೀ ತಗಡು ಮುಳುಗುತ್ತೆ. ತೆಪ್ಪದ ಕೆಳಗೆ ಕಟ್ಟೋ ಡ್ರಮ್ಮಲ್ಲಿ ಗಾಳಿ ಇರುತ್ತಲ್ಲ. ಹೊರೆ ಎಲ್ಲ ಸೇರಿಸಿ ಡ್ರಮ್ಮು ತನ್ನಷ್ಟೇ ಗಾತ್ರದ ನೀರಿನ ಅರ್ಧ ತೂಕ ಇದ್ರೆ, ಸರಿಯಾಗಿ ಅರ್ಧ ಮುಳುಗುತ್ತೆ."

ಪುಸ್ತಕದಲ್ಲಿ ಇದಕ್ಕೆ ಸಾಪೇಕ್ಷ ಸಾಂದ್ರತೆ ಎನ್ನುತ್ತಾರಂತೆ. ಐದನೇ ಕ್ಲಾಸಿಗೇ ಓದು ಬಿಟ್ಟವನ ನಾಲಿಗೆಗೆ ಆ ಹೆಸರು ಒಗ್ಗಲಿಲ್ಲ. ಲೆಕ್ಕ ಒಗ್ಗಿತು.

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಡ್ರಮ್ಮು ಇನ್ನೂರು ಲೀಟರಿನದು. ಅರ್ಧ ಮುಳುಗಿದರೆ ನೂರು ಕೆಜಿ ನೀರು ತಳ್ಳುತ್ತದೆ. ಅದರದೇ ತೂಕ ಇಪ್ಪತ್ತು, ಹೊರಲು ಉಳಿದದ್ದು ಎಂಬತ್ತು. ಹದಿನಾಲ್ಕು ಡ್ರಮ್ಮಿಗೆ ಸಾವಿರದ ನೂರಿಪ್ಪತ್ತು. ಪಂಪು ಏಳುನೂರು, ಹಲಗೆ ಚೌಕಟ್ಟು ಇನ್ನೂರ ತೊಂಬತ್ತು, ಇಬ್ಬರು ಜನ ಅಂದಾಜು ನೂರಮೂವತ್ತು.

ಡ್ರಮ್ಮು ತರಲು ಹೋದಾಗ ಗುಜರಿ ಅಂಗಡಿಯ ತಕ್ಕಡಿಯಲ್ಲಿ ತಾನು ನಿಂತ, ಎಪ್ಪತ್ತೆರಡು. ಅವಳನ್ನೂ ನಿಲ್ಲಿಸಿದ, ಐವತ್ತೆಂಟು. ಅಂದಾಜು ಸರಿಯಾಗಿತ್ತು.

"ನನ್ನನ್ನೂ ಗುಜರಿಗೆ ಹಾಕ್ತೀರಾ?"

"ಹಾಕಿದ್ರೆ ಅಂಗಡಿಯವನೇ ವಾಪಸ್ ತಂದುಬಿಡ್ತಾನೆ."

ಮಲಗಿಸಿ ಕಟ್ಟಿದ ಪ್ರತಿ ಡ್ರಮ್ಮಿಗೂ ಅರ್ಧ ಎತ್ತರದಲ್ಲಿ ಅಡ್ಡಲಾಗಿ ಬಿಳಿ ಗೆರೆ ಎಳೆದ.

ತೆಪ್ಪ ನೀರಿಗಿಳಿಸಿದ ದಿನ ಪಂಪು ಅದರ ಮೇಲೆ ಇಳಿಯಿತು. ವೆಲ್ಡರ್ ಹಲಗೆ ದಾಟಿ ಹತ್ತಿ ನಿಂತ. ತೆಪ್ಪ ಮುಳುಗಲಿಲ್ಲ. ಬಿಳಿ ಗೆರೆ ಮಾತ್ರ ನೀರಿನಿಂದ ಕಿರುಬೆರಳಿನ ದಪ್ಪ ಮೇಲೇ ಉಳಿಯಿತು.

"ತಪ್ಪಿತಲ್ಲೋ ನಿನ್ನ ಲೆಕ್ಕ!" ಗುತ್ತಿಗೆದಾರ ನಕ್ಕ.

"ಇನ್ನೊಬ್ಬರು ಬರಬೇಕು ಸ್ವಾಮಿ." ಹೆಂಡತಿಯ ಕಡೆ ಕೈ ಚಾಚಿದ. "ಬಾರೇ. ನಡುವೆ ನಿಲ್ಲು."

ಅವಳು ಹತ್ತಿದಳು. ತೆಪ್ಪ ಉಸಿರು ಬಿಟ್ಟಂತೆ ಇಳಿಯಿತು. ಹದಿನಾಲ್ಕೂ ಗೆರೆಗಳನ್ನು ನೀರು ಮುಟ್ಟಿತು. ಇಷ್ಟು ದೊಡ್ಡ ಕೆರೆಗೆ ತನ್ನ ತೂಕ ಗೊತ್ತಾಯಿತಲ್ಲ ಎಂದು ಅವಳು ಬೆರಗಾದಳು.

ಹೋದ ತಿಂಗಳು ಎದೆನೋವಿನಲ್ಲಿ ಅವನು ಹೋದ. ನಿನ್ನೆ ಅವಳು ಕೆರೆಗೆ ಹೋಗಿ ಒಬ್ಬಳೇ ತೆಪ್ಪ ಹತ್ತಿದಳು. ನಡುವೆ ನಿಂತಳು.

"ಗೆರೆ ಎಲ್ಲಿದೆ ಅಣ್ಣಾ?"

ದಡದಲ್ಲಿದ್ದ ಪಂಪಿನವನು ಬಗ್ಗಿ ನೋಡಿದ. "ನೀರಿಂದ ಒಂದು ಬೆರಳು ಮೇಲಿದೆ ಅಕ್ಕಾ. ಯಾಕೆ?"

ಅವಳು ಪಕ್ಕದಲ್ಲಿ ಗಂಡ ನಿಂತಿದ್ದ ಹಲಗೆ ನೋಡಿದಳು. ಆ ಒಂದು ಬೆರಳು ಅವನು.