ಬ್ರೇಕ್ ಮೇಷ್ಟ್ರ ನರಕೋಶಗಳಿಗೆ ಸನ್ಮಾನ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ನಮ್ಮ ಮೇಷ್ಟ್ರು ಅದರ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದವರು. ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಕಲಿಯಲು ಬಂದವರು ಎದುರಿನ ಲಾರಿಗಿಂತ ಪಕ್ಕದಲ್ಲಿ ಕೂತ ಇವರಿಗೇ ಹೆಚ್ಚು ಹೆದರುತ್ತಿದ್ದರು. ಮನೆಯಲ್ಲೂ ಅಷ್ಟೆ, ಹೆಂಡತಿ ಮಾತು ಶುರುಮಾಡಿದರೆ ಇವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

ಕೆಲಸ ಬಿಡುವ ಹೊತ್ತಿಗೆ ಬಲಗೈ ನಡುಗತೊಡಗಿತು. ಬಾಗಿಲು ದಾಟುವಾಗ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಡಾಕ್ಟರು ಪಾರ್ಕಿನ್ಸನ್ಸ್ ಎಂದರು, ಮಾತ್ರೆ ಬರೆದುಕೊಟ್ಟರು, ಸಂಶೋಧನೆಗೆಂದು ತೋಳಿನ ಒಂದು ಚೂರು ಚರ್ಮವನ್ನೂ ಕೇಳಿದರು. ಮೇಷ್ಟ್ರು ಕೊಟ್ಟು ಮರೆತರು.

ಸಂಶೋಧನಾ ಸಂಸ್ಥೆ ಮರೆಯಲಿಲ್ಲ. ಆ ಚರ್ಮದ ಕೋಶಗಳನ್ನು ಪುಸಲಾಯಿಸಿ, ಏನು ಬೇಕಾದರೂ ಆಗಬಲ್ಲ ಎಳೆಯ ಸ್ಟೆಮ್ ಸೆಲ್‌ಗಳನ್ನಾಗಿ ಮಾಡಿದರು. ಅವುಗಳನ್ನು ಇನ್ನಷ್ಟು ಓಲೈಸಿ ಗಾಜಿನ ತಟ್ಟೆಯಲ್ಲಿ ಮಿದುಳಿನ ನರಕೋಶಗಳನ್ನಾಗಿ ಬೆಳೆಸಿದರು. ಆಮೇಲೆ ಚರ್ಮ ಕೊಟ್ಟವರಿಗೆಲ್ಲ ಸನ್ಮಾನ ಏರ್ಪಡಿಸಿದರು.

ಸಭಾಂಗಣದ ಬಾಗಿಲಲ್ಲೇ ಮೇಷ್ಟ್ರ ಕಾಲು ಮುಷ್ಕರ ಹೂಡಿತು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯೊಬ್ಬಳು ಓಡಿಬಂದು, "ಸರ್, ಸ್ವಲ್ಪ ದಾರಿ ಬಿಡಿ, ರೋಗಿಗಳು ಬರೋ ಹೊತ್ತಾಯ್ತು" ಎಂದಳು. ಒಳಗೆ ನಿರ್ದೇಶಕರು, "ರೋಗಿಯೇ ನಮ್ಮ ಕೇಂದ್ರಬಿಂದು" ಎಂದು ಭಾಷಣ ಮಾಡುತ್ತಿದ್ದರು. ಕೇಂದ್ರಬಿಂದು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು.

ಹೆಂಡತಿ ಅವರ ಕಿವಿಯ ಹತ್ತಿರ ಬಾಗಿದರು. "ಕ್ಲಚ್ ಬಿಡಿ. ನಿಧಾನ. ಗಾಬರಿ ಬೇಡ."

ಮೇಷ್ಟ್ರಿಗೆ ನಗು ಬಂತು, ಕಾಲು ಎದ್ದಿತು.

ಒಳಗಿನ ಗೋಡೆಯ ಮೇಲೆ ನರಕೋಶಗಳ ಆಳೆತ್ತರದ ಚಿತ್ರ, ಅದರ ತುಂಬಾ ಹಸಿರು ಕೆಂಪು ಎಳೆಗಳು. "ಇವೆಲ್ಲ ನಿಮ್ಮವೇ!" ಎಂದರು ವಿಜ್ಞಾನಿ, ಬಾಣಂತಿಗೆ ಕೂಸು ತೋರಿಸುವ ದಾದಿಯ ಹಾಗೆ. "ತುಂಬಾ ಚೆನ್ನಾಗಿ ಬೆಳೀತಿವೆ. ಹೊತ್ತು ಹೊತ್ತಿಗೆ ಆಹಾರ, ಹದವಾದ ಬಿಸಿ. ಭಾನುವಾರಾನೂ ಯಾರಾದ್ರೂ ಬಂದು ವಿಚಾರಿಸ್ಕೋತಾರೆ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು.

"ನನ್ನ ಕಡೆ ನೋಡ್ಬೇಡಿ" ಎಂದರು ಆಕೆ.

"ಅಷ್ಟು ಚೆನ್ನಾಗಿದ್ರೆ ನನಗ್ಯಾಕೆ ಈ ನಡುಕ?" ಮೇಷ್ಟ್ರು ಕೇಳಿದರು.

"ಅದೇ ನೋಡಿ ವಿಶೇಷ!" ವಿಜ್ಞಾನಿಗೆ ಹುರುಪು ಬಂತು. "ಜೀನ್‌ಗಳ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳಿರ್ತವೆ. ಯಾವ ಜೀನ್ ಕೆಲಸ ಮಾಡ್ಬೇಕು, ಯಾವುದು ಸುಮ್ಮನಿರ್ಬೇಕು ಅಂತ ಅವು ಹೇಳ್ತವೆ. ರೋಗ ಇಲ್ಲದವರ ನರಕೋಶಕ್ಕೆ ಹೋಲಿಸಿದ್ರೆ ನಿಮ್ಮದ್ರಲ್ಲಿ ಆ ಗುರುತುಗಳೇ ಬೇರೆ ಥರ. ಚರ್ಮದಲ್ಲಿ ನೋಡಿದಾಗ ಇದೇನೂ ಕಾಣಲೇ ಇಲ್ಲ. ನರಕೋಶ ಆದ್ಮೇಲೇ ಬಯಲಾಗಿದ್ದು!"

"ಹೊರಗೆ ಏನೂ ಕಾಣಲ್ಲ, ಒಳಗೆ ಬೇರೇನೇ," ಹೆಂಡತಿ ತಲೆದೂಗಿದರು. "ಇದು ಮದುವೆಯಾದ ಹೊಸದರಲ್ಲೇ ನನಗೆ ಗೊತ್ತಾಗಿತ್ತು. ಯಾರೂ ಕೇಳ್ಲಿಲ್ಲ."

"ಹಾಗಾದ್ರೆ ಔಷಧಿ?" ಎಂದರು ಮೇಷ್ಟ್ರು.

"ಅದಕ್ಕಿನ್ನೂ ಕಾಲ ಬೇಕು ಸರ್. ಕಾರಣವೋ ಪರಿಣಾಮವೋ ಅನ್ನೋದೇ ಇನ್ನೂ ಗೊತ್ತಾಗಿಲ್ಲ."

ಆದರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಆ ಮನುಷ್ಯ ಮೇಷ್ಟ್ರಿಗೆ ಹಿಡಿಸಿದ.

ಫೋಟೋ ತೆಗೆಯುವವನು, "ಸರ್, ಚೂರು ಪಕ್ಕಕ್ಕೆ, ನರಕೋಶ ಮರೆಯಾಗ್ತಿದೆ" ಎನ್ನುತ್ತಲೇ ಹೋದ. ಮರುದಿನದ ಪತ್ರಿಕೆಯಲ್ಲಿ ನಿರ್ದೇಶಕರು ಪೂರ್ತಿ ಇದ್ದರು, ನರಕೋಶಗಳೂ ಪೂರ್ತಿ ಇದ್ದವು, ಮೇಷ್ಟ್ರ ಎಡಭುಜ ಮಾತ್ರ ಇತ್ತು. ಭಾಮೈದ ಅದನ್ನು ಕತ್ತರಿಸಿಟ್ಟುಕೊಂಡು, "ನಮ್ಮ ಭಾವನ ಮಿದುಳು ಪೇಪರಲ್ಲಿ ಬಂದಿದೆ" ಎಂದು ಬೀದಿಯೆಲ್ಲ ತೋರಿಸಿದ.

ಅಂದು ಸಂಜೆ ಮೇಷ್ಟ್ರು ಮೆಲ್ಲಗೆ ಕೇಳಿದರು: "ಆ ಗಾಜಿನ ತಟ್ಟೇಲಿರೋದು ನಾನೇ ಅಂತೀಯಾ?"

"ನೀವಾಗಿದ್ರೆ ಇಷ್ಟೊತ್ತಿಗೆ ಪಕ್ಕದ ತಟ್ಟೆಯವರಿಗೆ 'ಕನ್ನಡಿ ನೋಡು, ಕನ್ನಡಿ ನೋಡು' ಅಂತ ಬೈತಿರ್ತಿದ್ರಿ" ಎಂದು ಹೆಂಡತಿ ಅವರ ಅಂಗಿಯ ಗುಂಡಿ ಹಾಕಿದರು.

ಹೋದ ತಿಂಗಳು ಸಂಸ್ಥೆಯವರು ಇನ್ನೊಂದು ತೋಳಿನ ಚರ್ಮ ಕೇಳಿದರು. ಮೇಷ್ಟ್ರು ಒಪ್ಪಿಕೊಂಡರು. ಬಾಗಿಲ ಬಳಿ ಒಂದು ಕುರ್ಚಿ ಹಾಕಿಸಬೇಕು ಎಂದಷ್ಟೇ ಅವರ ಷರತ್ತು. ಚರ್ಮವನ್ನು ಅವತ್ತೇ ತೆಗೆದುಕೊಂಡರು. ಕುರ್ಚಿಗೆ ಸಮಿತಿ ರಚನೆಯಾಗಿದೆ.