ಡೋರ್ಕಸಳ ಪಾಲಿಗೆ ಬಂದ ಅರ್ಧ ಕಿಟಕಿ

ಅಲ್ಲ ಟಿಲಿ, ಆ ಅಧಿಕಾರಿಗೆ ತಲೆ ಇದೆಯೋ ಇಲ್ಲವೋ ಅಂತ ನನ್ನನ್ನು ಕೇಳಬೇಡ, ನೀನು ಬರೆದುಕೋ ಅಷ್ಟೆ. ಡೋರ್ಕಸ್ ಟೆಂಚ್ ಹಾರ್ಲಿಕೋಟ್ ಬಂಗಲೆಗೆ ಹೊಲಿಗೆ ಕೆಲಸಕ್ಕೆ ಸೇರಿದಾಗ ನಾನು ಅಲ್ಲೇ ಅಡುಗೆಮನೆಯಲ್ಲಿದ್ದೆ. ಹರಿದ ದುಪ್ಪಟಿಗೆ ಅವಳು ತೇಪೆ ಹಾಕಿದರೆ ತೇಪೆ ಎಲ್ಲಿದೆ ಅಂತ ಹುಡುಕಬೇಕು. ಟೀಗೆ ಮಾತ್ರ ಸಕ್ಕರೆ ಸುರಿಯುತ್ತಿದ್ದಳು, ಹಲ್ಲೆಲ್ಲ ಹೋಗಿದ್ದು ಅದರಿಂದಲೇ. ಇರಲಿ.

ಅವಳ ಕೋಣೆಗೆ ಕಿಟಕಿಯೇ ಇರಲಿಲ್ಲ. ಹೊರಗಿಂದ ನೋಡಿದರೆ ಇತ್ತು! ಬಂಗಲೆಯ ದೊರೆಯ ಅಜ್ಜ ಸೊಟ್ಟಗಿದ್ದ ಹಳೇ ಮನೆಯ ಮುಂದೆ ಹೊಸದೊಂದು ಕಲ್ಲಿನ ಗೋಡೆ ಎಬ್ಬಿಸಿ, ಕಿಟಕಿಗಳನ್ನು ಸಾಲಾಗಿ ಇಡಿಸಿದ್ದ. ಸಾಲು ಕೆಡಬಾರದೆಂದು ಡೋರ್ಕಸಳ ಗೋಡೆಯ ಮೇಲೆ ಕಿಟಕಿಯ ಚಿತ್ರ ಬರೆಸಿದ್ದ. ಕಪ್ಪು ಗಾಜು, ಬಿಳಿ ಚೌಕಟ್ಟು, ಅರ್ಧ ಎಳೆದ ಪರದೆ ಬೇರೆ. ಒಳಗೆ ಇವಳದು ಹಗಲಲ್ಲೂ ದೀಪದ ಹೊಲಿಗೆ. ಕಣ್ಣು ಹೋದರೆ ಹೊಟ್ಟೆಪಾಡೂ ಹೋಯಿತು.

"ಅಮ್ಮಾವ್ರೇ, ನಂಗೊಂದು ಕಿಟಕಿ ಮಾಡಿಸ್ಕೊಡಿ" ಎಂದು ದೊರೆಸಾನಿಯನ್ನು ಬೇಡಿದಳು.

"ಇದ್ಯಲ್ಲೇ ಡೋರ್ಕಸ್! ಹೊರಗೆ ನಿಂತು ನೋಡು, ಪರದೆ ಸಮೇತ ಇದೆ."

ಆ ಹೆಂಗಸು ಊಟದ ಕೋಣೆಯನ್ನು ಒಡೆದು ಮತ್ತೆ ಕಟ್ಟಿಸಿದಳು, ಕುದುರೆ ಲಾಯಕ್ಕೆ ಗಡಿಯಾರದ ಗೋಪುರ ಏರಿಸಿದಳು. ಕುದುರೆಗೆ ಗಂಟೆ ಎಷ್ಟಾದರೇನಂತೆ! ಡೋರ್ಕಸಳಿಗೆ ಮಾತ್ರ ಒಂದು ಕಲ್ಲೂ ಅಲುಗಲಿಲ್ಲ.

ದೊರೆಸಾನಿ ತೀರಿಕೊಂಡ ಮೇಲೆ ಅವಳ ಮಗ ಒಪ್ಪಿದ. ಗಾರೆ ಕೆಲಸದ ಏಮಸ್ ಜೂಕ್ಸ್ ಹೊರಗೆ ಏಣಿ ಹಾಕಿ, ಬಣ್ಣದ ಗೆರೆ ಹಿಡಿದು ನೀಟಾಗಿ ಒಡೆದ. ಒಡೆದು ಒಳಗೆ ನೋಡಿದರೆ, ಡೋರ್ಕಸಳ ಕೋಣೆಯ ನೆಲ ಸರಿಯಾಗಿ ಕಿಟಕಿಯ ನಡುವೆಯೇ ಹಾದುಹೋಗಿತ್ತು! ಹೊಸ ಗೋಡೆಗೂ ಹಳೇ ಮಹಡಿಗೂ ಎತ್ತರದಲ್ಲಿ ತಾಳಮೇಳವೇ ಇಲ್ಲ. ಮೇಲಿನ ಅರ್ಧ ಇವಳ ಮೊಣಕಾಲಿನ ಮಟ್ಟಕ್ಕೆ, ಕೆಳಗಿನ ಅರ್ಧ ಕೆಳಮಹಡಿಯ ಸೇಬಿನ ಉಗ್ರಾಣಕ್ಕೆ.

"ಗೆರೆ ಬಿಟ್ಟು ಒಂದಂಗುಲ ಹೋಗಿಲ್ಲ ನಾನು, ಡೋರ್ಕಸಕ್ಕ" ಅಂದ ಏಮಸ್.

"ಒಳಗೆ ಬಂದು ಒಂದ್ಸಲ ನೋಡ್ಬಾರ್ದಿತ್ತೇನೋ ಮಾರಾಯ? ಸೇಬೇನು ಬಟ್ಟೆ ಹೊಲಿತಾವಾ?"

ಸಿಟ್ಟಿನಲ್ಲಿ ಅವಳು ಕುರ್ಚಿಯ ನಾಲ್ಕೂ ಕಾಲು ಗರಗಸದಿಂದ ಕೊಯ್ದಳು. ಅವತ್ತಿನಿಂದ ಇವತ್ತಿನವರೆಗೂ ಆ ಗಿಡ್ಡ ಕುರ್ಚಿಯಲ್ಲಿ, ಆ ಅರ್ಧ ಬೆಳಕಿನಲ್ಲೇ ಹೊಲಿಯುತ್ತಾಳೆ.

ಈಗ ನೋಡು, ಹಳೇ ಕಟ್ಟಡಗಳ ಅಧಿಕಾರಿಯ ಹೊಸ ತಕರಾರು. ಮನೆಯ ಮುಖ ಮೊದಲಿನಂತೆಯೇ ಇರಬೇಕಂತೆ, ಕಿಟಕಿ ಮುಚ್ಚಿ ಮತ್ತೆ ಪರದೆಯ ಚಿತ್ರ ಬರೆಸಬೇಕಂತೆ! ನಾನು ಜಗಳ ಆಡಿದ್ದಕ್ಕೆ, "ಆಯ್ತಜ್ಜಿ, ಆ ಕಿಟಕಿ ತೆರೆಯೋಕೆ ಬರೋ ಹಾಗಿದ್ರೆ ಉಳಿಸ್ತೀನಿ. ಜಾಮ್ ಆಗಿದ್ರೆ ಗೋಡೆ ಕಟ್ಟಿ ಮುಚ್ಚಿಸ್ತೀನಿ" ಅಂದ. ಅದು ಮೇಲೆ ಕೆಳಗೆ ಜಾರುವ ಕಿಟಕಿ, ಮಳೆ ಬಂದರೆ ಚೌಕಟ್ಟಿನ ಮರ ಉಬ್ಬಿ ಬಿಗಿಯುತ್ತೆ. ನಾಳೆ ಬೆಳಗ್ಗೆಯೇ ಬರುತ್ತಾನೆ, ಹೊರಗೆ ನೋಡಿದರೆ ಹೀಗೆ ಸುರಿಯುತ್ತಿದೆ.

ಬರೆದಿದ್ದು ಸಾಕು, ಏಳು. ಒಲೆಯ ಮೇಲಿನ ಕಟ್ಟೆಯಲ್ಲಿ ಮೋಂಬತ್ತಿಯ ತುಂಡಿದೆ, ಅದನ್ನು ತಗೊಂಡು ಡೋರ್ಕಸಳ ಹತ್ತಿರ ಓಡು. ಚೌಕಟ್ಟು ಜಾರುವ ಎರಡೂ ಕಡೆ ಮೇಣ ಹತ್ತುವಂತೆ ಚೆನ್ನಾಗಿ ಉಜ್ಜು. ಅವಳು ಒಂದೇ ಕೈಯಲ್ಲಿ ಎಳೆದರೆ ಸರ್ರನೆ ಇಳಿಯಬೇಕು, ಇಳಿಯುವವರೆಗೂ ಉಜ್ಜು.